ಓದುಗರ ಪ್ರಶ್ನೆ: ಕೆಲಸ ಬಿಟ್ಟು 14 ವರ್ಷ ಆದ್ಮೇಲೆ ವಾಪಸ್ ಬಂದು ಗೆದ್ದ ಕೋಚ್

ಪ್ರಶ್ನೆ: ನನ್ನ ಮಗ ಕೆಲಸದ ಮೇಲೆ ಫಿಲಡೆಲ್ಫಿಯಾದಲ್ಲಿದಾನೆ, ಅಲ್ಲಿನ ಈಗಲ್ಸ್ ಅನ್ನೋ ಅಮೆರಿಕನ್ ಫುಟ್ಬಾಲ್ ಟೀಮಿನ ಹುಚ್ಚು ಹಿಡಿಸ್ಕೊಂಡಿದಾನೆ. ಹಿಂದೆ ಡಿಕ್ ವರ್ಮೀಲ್ ಅನ್ನೋ ಕೋಚ್ ಆ ಟೀಮನ್ನ ಫೈನಲ್‌ವರೆಗೂ ತಗೊಂಡೋಗಿ, ಇನ್ನು ಆಗಲ್ಲ ಅಂತ ಕೆಲಸಾನೇ ಬಿಟ್ರಂತೆ, 14 ವರ್ಷ ಆದ್ಮೇಲೆ ಬಂದು ಬೇರೆ ಟೀಮಿಗೆ ಕಪ್ ಗೆದ್ಕೊಟ್ರಂತೆ. ನಿಜಾನಾ? ಯಾರಿವರು?
ಓದುಗರು, ಶಿವಮೊಗ್ಗ

ಉತ್ತರ: ನಿಜ ಸಾರ್, ನಿಮ್ಮ ಮಗ ಒಂದಕ್ಷರಾನೂ ಹೆಚ್ಚಿಗೆ ಹೇಳಿಲ್ಲ. ವರ್ಮೀಲ್ ಹುಟ್ಟಿದ್ದು 1936ರಲ್ಲಿ, ಕ್ಯಾಲಿಫೋರ್ನಿಯಾದ ನಾಪಾ ಕಣಿವೇಲಿರೋ ಕ್ಯಾಲಿಸ್ಟೋಗಾ ಅನ್ನೋ ಸಣ್ಣ ಊರಲ್ಲಿ. ಅಪ್ಪಂದು ಔಲ್ ಗ್ಯಾರೇಜ್ ಅಂತ ಕಾರು ರಿಪೇರಿ ಗ್ಯಾರೇಜು. ವರ್ಮೀಲ್ ಮೊದಲು ಹೈಸ್ಕೂಲ್ ಕೋಚ್, ಆಮೇಲೆ ಎರಡು ವರ್ಷದ ಜೂನಿಯರ್ ಕಾಲೇಜಲ್ಲಿ, ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಅಸಿಸ್ಟೆಂಟ್, ಹೀಗೆ ಒಂದೊಂದೇ ಮೆಟ್ಟಿಲು ಹತ್ಕೊಂಡು ಬಂದ್ರು. 1969ರಲ್ಲಿ ಲಾಸ್ ಏಂಜಲೀಸ್ ರ್‍ಯಾಮ್ಸ್ ಟೀಮು ಅವರನ್ನ ಸ್ಪೆಷಲ್ ಟೀಮ್ಸ್ ಕೋಚ್ ಅಂತ ತಗೊಂಡ್ತು, ಅಂದ್ರೆ ಕಿಕ್ ಹೊಡೆಯೋ ಮತ್ತೆ ಕಿಕ್ ಹಿಡಿದು ಓಡೋ ಹುಡುಗ್ರಿಗೇ ಅಂತ ಒಬ್ಬ ಕೋಚು, ಆಗಿನ ಕಾಲಕ್ಕೆ ಆ ಹುದ್ದೆನೇ ಹೊಸದು.

1974ರಲ್ಲಿ ಯುಸಿಎಲ್‌ಎ ಯೂನಿವರ್ಸಿಟಿಗೆ ಹೆಡ್ ಕೋಚ್ ಆದ್ರು. ಅಲ್ಲಿದ್ದಿದ್ದು ಎರಡೇ ಸೀಸನ್, ಆದ್ರೆ 1976ರ ಜನವರಿ 1ರ ರೋಸ್ ಬೌಲ್ ಅನ್ನೋ ಕಾಲೇಜು ಟೀಮುಗಳ ದೊಡ್ಡ ಮ್ಯಾಚನ್ನ ಅಲ್ಲಿಯವರು ಇವತ್ತಿಗೂ ಮರೆತಿಲ್ಲ. ಎದುರಿಗೆ ಓಹಾಯೋ ಸ್ಟೇಟ್, ದೇಶಕ್ಕೇ ನಂಬರ್ ಒನ್, ಆ ಸೀಸನ್ನಲ್ಲಿ ಒಂದೂ ಮ್ಯಾಚ್ ಸೋತಿಲ್ಲ, ಮೂರು ತಿಂಗಳ ಹಿಂದೆ ಇದೇ ಯುಸಿಎಲ್‌ಎನ 41-20ರಲ್ಲಿ ಚಚ್ಚಿ ಹಾಕಿದ್ದ ಟೀಮು. ಅರ್ಧ ಮ್ಯಾಚ್ ಮುಗಿದಾಗ್ಲೂ ಓಹಾಯೋದೇ ಮೇಲುಗೈ, 3-0. ಇಂಟರ್ವಲ್ ಆದ್ಮೇಲೆ ಯುಸಿಎಲ್‌ಎ ಬಾಲನ್ನ ಗಾಳೀಲಿ ಎಸೆಯೋಕೆ ಶುರು ಮಾಡ್ತು ನೋಡಿ, ಲೆಕ್ಕಾನೇ ತಿರುಗಿಹೋಯ್ತು. ಕೊನೆಗೆ 23-10. ಅದಾದ ಮೇಲೆ ಈಗಲ್ಸ್‌ನವರು ಅವರನ್ನ ಕರ್ಕೊಂಡ್ರು.

ಪ್ರಶ್ನೆ: ಕಾಲೇಜಲ್ಲಿ ಗೆದ್ದ ಕೋಚ್‌ಗಳು ಪ್ರೊಫೆಷನಲ್ ಟೀಮಿಗೆ ಹೋದ್ರೆ ಎಷ್ಟೋ ಸಲ ಒದ್ದಾಡ್ತಾರಂತೆ, ಯಾಕೆ? ಆಟ ಒಂದೇ ಅಲ್ವಾ?
ಓದುಗರು, ದಾವಣಗೆರೆ

ಉತ್ತರ: ಆಟ ಹೆಚ್ಚುಕಮ್ಮಿ ಒಂದೇ, ಕೆಲಸ ಬೇರೆ. ಕಾಲೇಜ್ ಕೋಚ್ ತಾನೇ ಹುಡುಗ್ರ ಮನೆಗೆ ಹೋಗಿ, ಅಪ್ಪ ಅಮ್ಮನ ಹತ್ರ ಕೂತು ಮಾತಾಡಿ, ನಮ್ಮ ಕಾಲೇಜಿಗೆ ಕಳ್ಸಿ ಅಂತ ಒಪ್ಪಿಸಿ ಕರ್ಕೊಂಡು ಬರ್ತಾನೆ, ಒಳ್ಳೆ ಹೆಸರಿದ್ರೆ ಪ್ರತಿ ವರ್ಷ ಒಳ್ಳೊಳ್ಳೆ ಹುಡುಗ್ರು ಬರ್ತಾನೇ ಇರ್ತಾರೆ. ಪ್ರೊಫೆಷನಲ್‌ನಲ್ಲಿ ಹಂಗಲ್ಲ, ಅಲ್ಲಿ ಡ್ರಾಫ್ಟ್ ಅಂತಿದೆ, ಹೊಸ ಆಟಗಾರರನ್ನ ಟೀಮುಗಳು ಸರದಿ ಪ್ರಕಾರ ಆರಿಸ್ಕೋಬೇಕು, ಸೋತ ಟೀಮಿಗೆ ಮೊದಲ ಸರದಿ, ಗೆದ್ದೋರಿಗೆ ಕೊನೇದು. ಆಡೋರೆಲ್ಲ ಸಂಬಳದೋರು, ಹೆಂಡ್ತಿ ಮಕ್ಕಳಿರೋರು, 20ರ ಹುಡುಗ್ರಿಗೆ ಗದರಿಸಿದಂಗೆ ಗದರಿಸಿದ್ರೆ ನಡಿಯಲ್ಲ.

ವರ್ಮೀಲ್‌ಗೆ ಇನ್ನೂ ಕಷ್ಟ ಇತ್ತು, ಹಿಂದಿನೋರು ಆಟಗಾರರನ್ನ ತರೋಕೆ ಅಂತ ಮುಂದಿನ ವರ್ಷಗಳ ಸರದೀನ ಆಗ್ಲೇ ಬೇರೆ ಟೀಮುಗಳಿಗೆ ಕೊಟ್ಬಿಟ್ಟಿದ್ರು. ಮೊದಲ ರೌಂಡಿನಲ್ಲಿ ಒಬ್ಬನನ್ನ ಆರಿಸೋ ಅವಕಾಶ ವರ್ಮೀಲ್‌ಗೆ ಸಿಕ್ಕಿದ್ದು 1979ರಲ್ಲೇ, ಆರಿಸಿದ್ದು ಜೆರಿ ರಾಬಿನ್ಸನ್‌ನ, ತಮ್ಮ ಕಾಲದಲ್ಲೇ ಯುಸಿಎಲ್‌ಎಗೆ ಬಂದಿದ್ದ ಹುಡುಗ. ಅಲ್ಲಿವರೆಗೂ ಇದ್ದೋರನ್ನೇ ತಿದ್ದಬೇಕಿತ್ತು. 1976ರಲ್ಲಿ ಬೇರೆಯಾಗಿ ಟ್ರಯಲ್ ನೋಡಿ 30 ವರ್ಷದ ವಿನ್ಸ್ ಪಪಾಲಿ ಅನ್ನೋನನ್ನ ಟೀಮಿಗೆ ತಗೊಂಡ್ರು. ಮೊದಲ ವರ್ಷ 4 ಗೆಲುವು, ಎರಡನೇ ವರ್ಷ 5, 1978ರಲ್ಲಿ 9, ಆಮೇಲೆ 11, ಆಮೇಲೆ 12. 1960 ಆದ್ಮೇಲೆ ಪ್ಲೇಆಫ್ ಕಾಣದಿದ್ದ ಟೀಮು 1978ರಲ್ಲಿ ಕಾಣ್ತು, 1981ರ ಜನವರೀಲಿ ಡಲ್ಲಾಸ್ ಕೌಬಾಯ್ಸ್‌ನ ಸೋಲಿಸಿ ಸೂಪರ್ ಬೌಲ್‌ಗೆ, ಅಂದ್ರೆ ಲೀಗಿನ ಫೈನಲ್‌ಗೆ ಹೋಯ್ತು. ಅಲ್ಲಿ ಓಕ್ಲೆಂಡ್ ರೇಡರ್ಸ್ ಕೈಲಿ 27-10ರಲ್ಲಿ ಸೋತ್ರು.

ಪ್ರಶ್ನೆ: ವರ್ಮೀಲ್ ವಾರದಲ್ಲಿ ಎಷ್ಟೋ ರಾತ್ರಿ ಆಫೀಸಲ್ಲೇ ಮಲಗ್ತಿದ್ರು ಅಂತ ಓದಿದೆ. ನಮ್ಮ ಮ್ಯಾನೇಜರ್ ಇಂಥ ಉದಾಹರಣೆನೇ ಕೊಡ್ತಾರೆ. ಗೆಲ್ಲೋಕೆ ಅಷ್ಟು ದುಡೀಲೇಬೇಕಾ?
ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ನಿಮ್ಮ ಮ್ಯಾನೇಜರ್‌ಗೆ ಪೂರ್ತಿ ಕಥೆ ಹೇಳಿ. ಸ್ಟೇಡಿಯಂ ಆಫೀಸಲ್ಲೇ ಮಲಗ್ತಿದ್ದಿದ್ದು ನಿಜ, ರಾತ್ರಿಯೆಲ್ಲ ಎದುರಾಳಿ ಟೀಮಿನ ಫಿಲಂ ರೀಲ್ ಹಿಂದೆ ಮುಂದೆ ತಿರುಗಿಸ್ಕೊಂಡು ಕೂರ್ತಿದ್ರು, ಅದರಿಂದ ಫೈನಲ್‌ವರೆಗೂ ಹೋಗಿದ್ದೂ ನಿಜ. ಆದ್ರೆ ಅದೇ ಮನುಷ್ಯ 1983ರ ಜನವರೀಲಿ, 46ನೇ ವಯಸ್ಸಲ್ಲಿ, ಇನ್ನು ನನ್ನಲ್ಲಿ ಏನೂ ಉಳಿದಿಲ್ಲ ಅನ್ನೋ ಸ್ಥಿತೀಲಿ ರಾಜೀನಾಮೆ ಕೊಟ್ರು. ಬರ್ನ್ಔಟ್ ಅಂತ ಬಾಯ್ಬಿಟ್ಟು ಹೇಳ್ಕೊಂಡೇ ಹೋದ್ರು, ಆಗ ಹಂಗೆ ಹೇಳೋಕೆ ಧೈರ್ಯ ಬೇಕಿತ್ತು.

ಟಿವೀಲಿ ಕಾಮೆಂಟರಿ ಮಾಡ್ಕೊಂಡಿದ್ದು 1997ರಲ್ಲಿ ಸೇಂಟ್ ಲೂಯಿಸ್ ರ್‍ಯಾಮ್ಸ್‌ಗೆ ಕೋಚ್ ಆಗಿ ಬಂದ್ರು. ಬಂದು ಏನ್ ಮಾಡಿದ್ರು ಗೊತ್ತಾ, ಮತ್ತೆ ಅದೇ ಹಳೇ ಪದ್ಧತಿ, ಉದ್ದುದ್ದ ಪ್ರ್ಯಾಕ್ಟೀಸು, ಆಟಗಾರರು ಸುಸ್ತಾಗಿ ಗೊಣಗೋಕೆ ಶುರು ಮಾಡಿದ್ರು. ಮೊದಲ ವರ್ಷ 16ರಲ್ಲಿ 5 ಗೆಲುವು, ಎರಡನೇ ವರ್ಷ 4. ಕೆಲಸ ಹೋಗೋದೇ ಬಾಕಿ. 1999ಕ್ಕೆ ಆಟಗಾರರ ಮಾತು ಕೇಳಿ ಪ್ರ್ಯಾಕ್ಟೀಸ್ ಕಡಿಮೆ ಮಾಡಿದ್ರು, ಅಟ್ಯಾಕ್ ಪೂರ್ತಿ ಹೊಸದಾಗಿ ಬಂದ ಮೈಕ್ ಮಾರ್ಟ್ಜ್ ಕೈಗೆ ಬಿಟ್ರು. ಆ ವರ್ಷ 13 ಗೆಲುವು, 3 ಸೋಲು, ಕೊನೆಗೆ ಸೂಪರ್ ಬೌಲ್. ಅದೇ ವರ್ಷ ಮಾರ್ಷಲ್ ಫಾಕ್ ಅಂಥ ಆಟಗಾರ ಬಂದಿದ್ದೂ ದೊಡ್ಡ ಕಾರಣ, ಇಲ್ಲ ಅನ್ನಲ್ಲ. ಆದ್ರೂ ನನ್ನ ಕೇಳಿದ್ರೆ 62 ವರ್ಷದ ಕೋಚು ತನ್ನ ಜೀವಮಾನದ ಅಭ್ಯಾಸಾನ ಬಿಟ್ಕೊಟ್ಟಿದ್ದೇ ಈ ಕಥೇಲಿ ಎಲ್ಲಕ್ಕಿಂತ ದೊಡ್ಡ ವಿಷಯ.

ಪ್ರಶ್ನೆ: ಪ್ರೆಸ್ ಮುಂದೆ ಅಳೋ ಕೋಚ್ ಅಂತಾರಲ್ಲ, ಇವರೇನಾ? ಅಂಥೋರ ಮಾತು ಆಟಗಾರರು ಕೇಳ್ತಾರಾ?
ಓದುಗರು, ಹುಬ್ಬಳ್ಳಿ

ಉತ್ತರ: ಇವರೇ, ಮತ್ತೆ ಕೇಳ್ತಿದ್ರು. 1999ರ ಆಗಸ್ಟ್‌ನಲ್ಲಿ, ಸೀಸನ್ ಶುರುವಾಗೋ ಮುಂಚೆನೇ, ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆದು ಅಟ್ಯಾಕ್ ನಡೆಸೋ ಆಟಗಾರ) ಟ್ರೆಂಟ್ ಗ್ರೀನ್ ಮಂಡಿಗೆ ದೊಡ್ಡ ಗಾಯ ಮಾಡ್ಕೊಂಡ್ರು. ಆ ಜಾಗಕ್ಕೆ ಉಳಿದಿದ್ದು ಕರ್ಟ್ ವಾರ್ನರ್, ಐದು ವರ್ಷದ ಹಿಂದೆ ಗ್ರೀನ್ ಬೇ ಟೀಮು ಬೇಡ ಅಂದ್ಮೇಲೆ ಅಯೋವಾದ ದಿನಸಿ ಅಂಗಡೀಲಿ ರಾತ್ರಿ ಶಿಫ್ಟಲ್ಲಿ ಶೆಲ್ಫಿಗೆ ಸಾಮಾನು ಜೋಡಿಸ್ತಿದ್ದೋನು. ವರ್ಮೀಲ್ ಮೈಕ್ ಮುಂದೆ ಕೂತು, ಗಂಟಲು ಕಟ್ಟಿ, ಕಣ್ಣಲ್ಲಿ ನೀರು ತುಂಬ್ಕೊಂಡು, ನಾವೆಲ್ಲ ವಾರ್ನರ್ ಹಿಂದೆ ನಿಲ್ತೀವಿ, ಒಳ್ಳೆ ಆಟ ಆಡ್ತೀವಿ ಅಂದ್ರು. ಆ ಕಣ್ಣೀರು ಗಾಯ ಆದ ಗ್ರೀನ್‌ಗೋಸ್ಕರ, ಆ ಮಾತು ವಾರ್ನರ್‌ಗೋಸ್ಕರ. ವಾರ್ನರ್ ಆ ಸೀಸನ್ 41 ಟಚ್‌ಡೌನ್ ಪಾಸ್, ಅಂದ್ರೆ ಬಾಲನ್ನ ಗೆರೆ ದಾಟಿಸಿ ಪಾಯಿಂಟ್ ತಂದ ಪಾಸ್ ಎಸೆದು ಲೀಗಿನ ಅತ್ಯುತ್ತಮ ಆಟಗಾರ ಆದ. ಗ್ರೀನ್‌ನ ವರ್ಮೀಲ್ ಮರೀಲಿಲ್ಲ, 2001ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್‌ಗೆ ಕೋಚ್ ಆದಾಗ ಅವನನ್ನೇ ಕರೆಸ್ಕೊಂಡ್ರು, ಐದು ವರ್ಷ ಅವನೇ ಕ್ವಾರ್ಟರ್‌ಬ್ಯಾಕ್. 2022ರಲ್ಲಿ ವರ್ಮೀಲ್ ಹಾಲ್ ಆಫ್ ಫೇಮ್, ಅಂದ್ರೆ ಈ ಆಟದ ದಿಗ್ಗಜರ ಗೌರವ ಪಟ್ಟಿ ಸೇರಿದ್ರು. ಹೈಸ್ಕೂಲು, ಜೂನಿಯರ್ ಕಾಲೇಜು, ಯೂನಿವರ್ಸಿಟಿ, ಪ್ರೊಫೆಷನಲ್, ನಾಲ್ಕೂ ಕಡೆ ವರ್ಷದ ಕೋಚ್ ಅನ್ನಿಸ್ಕೊಂಡೋರು.

ಪ್ರಶ್ನೆ: ಈ ಆಟದ ರೂಲ್ಸೇ ಗೊತ್ತಿಲ್ಲ. ಒಂದೇ ಒಂದು ಮ್ಯಾಚ್ ನೋಡೋದಾದ್ರೆ?
ಓದುಗರು, ಮೈಸೂರು

ಉತ್ತರ: 2000ದ ಜನವರಿ 30ರ ಸೂಪರ್ ಬೌಲ್, ಅಟ್ಲಾಂಟಾದಲ್ಲಿ ನಡೆದಿದ್ದು, ರ್‍ಯಾಮ್ಸ್ ಮತ್ತೆ ಟೆನ್ನೆಸ್ಸೀ ಟೈಟನ್ಸ್. ಇಷ್ಟು ಗೊತ್ತಿದ್ರೆ ಸಾಕು: 10 ಗಜ ಮುಂದೆ ಹೋಗೋಕೆ ನಾಲ್ಕು ಅವಕಾಶ, ಬಾಲ್ ಗೆರೆ ದಾಟಿದ್ರೆ 6 ಪಾಯಿಂಟು, ಪ್ರತಿ ಸಲ ಆಟ ನಿಂತು ಮತ್ತೆ ಶುರುವಾಗತ್ತೆ, ಅದಕ್ಕೇ ಕೋಚ್‌ಗೆ ಅಷ್ಟು ಬೆಲೆ. ರ್‍ಯಾಮ್ಸ್ 16-0 ಮುಂದಿದ್ದು, ಟೈಟನ್ಸ್ 16-16 ಮಾಡ್ತಾರೆ, ವಾರ್ನರ್ 73 ಗಜದ ಒಂದು ಪಾಸ್‌ನಲ್ಲಿ 23 ಮಾಡ್ತಾನೆ. ಕೊನೇ 6 ಸೆಕೆಂಡಲ್ಲಿ ಟೈಟನ್ಸ್ 10 ಗಜ ದೂರದಲ್ಲಿದಾರೆ. ಬಾಲ್ ಹಿಡಿದ ಕೆವಿನ್ ಡೈಸನ್‌ನ ಕಾಲು ತಬ್ಬಿ ಹಿಡಿಯೋ ರ್‍ಯಾಮ್ಸ್‌ನ ಮೈಕ್ ಜೋನ್ಸ್‌ನ ನೋಡಿ, ಡೈಸನ್ ಕೈ ಚಾಚ್ತಾನೆ, ಒಂದು ಗಜ ಸಾಲಲ್ಲ. ಎರಡು ದಿನ ಆದ್ಮೇಲೆ ವರ್ಮೀಲ್ ರ್‍ಯಾಮ್ಸ್ ಬಿಟ್ರು, ಈ ಸಲ ಗೆದ್ದು ಬಿಟ್ರು.