ನಾಡಿ 56 ಇತ್ತು ಅಂತ ನೀವೇ ಬರೆದಿದ್ದೀರಿ

ನಿಮ್ಮ ಪತ್ರ ಬಂದು ಎರಡು ದಿನ ಆಯಿತು. ಅವತ್ತಿನಿಂದ ಮನಸ್ಸು ಅಲ್ಲೇ ಇದೆ. ಈ ವಾರಕ್ಕೆ ಅಂತ ಆರಿಸಿಟ್ಟಿದ್ದ ಬೇರೆ ಎರಡು ಪತ್ರಗಳನ್ನು ಪಕ್ಕಕ್ಕಿಟ್ಟು ನಿಮಗೊಬ್ಬರಿಗೇ ಬರೆಯುತ್ತಿದ್ದೇನೆ.

ಉಳಿದ ಓದುಗರಿಗೆ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಇವರು ಒಂದು ಕುದುರೆ ಲಾಯದ ಮ್ಯಾನೇಜರ್. ಆರು ವರ್ಷದಿಂದ ಅದೇ ಜಾಗ. ಒಟ್ಟು 22 ಕುದುರೆಗಳು, ಹೆಚ್ಚಿನವು ಬೇರೆಯವರವು, ತಿಂಗಳಿಗೆ ಇಷ್ಟು ಅಂತ ಕೊಟ್ಟು ಇಲ್ಲಿ ಬಿಟ್ಟಿರುತ್ತಾರೆ. ಬೆಳಿಗ್ಗೆ ಐದಕ್ಕೆ ಹುಲ್ಲು ಹಾಕುವುದರಿಂದ ಹಿಡಿದು ರಾತ್ರಿಯ ಕೊನೆ ಸುತ್ತಿನವರೆಗೆ ಎಲ್ಲ ಇವರ ತಲೆ ಮೇಲೆ. ಕಳೆದ ತಿಂಗಳು 19 ವರ್ಷದ ಒಂದು ಕುದುರೆಗೆ ಹೊಟ್ಟೆಶೂಲೆ ಬಂತು. ಬೆಳಗಾಗುವಷ್ಟರಲ್ಲಿ ಡಾಕ್ಟರ್ ದಯಾಮರಣ ಕೊಟ್ಟು ಅದನ್ನು ನೋವಿನಿಂದ ಬಿಡಿಸಬೇಕಾಯಿತು. ಕುದುರೆಯ ಒಡತಿ ಎಲ್ಲರೆದುರು "ನೀನು ಹುಲ್ಲು ಬದಲಾಯಿಸಿದ್ದಕ್ಕೇ ಹೀಗಾಯ್ತು" ಅಂದರು. ಲಾಯದ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ತುಟಿ ಬಿಚ್ಚಲಿಲ್ಲ. ಈಗ ಇವರ ಪ್ರಶ್ನೆ ಎರಡು. ಕೆಲಸ ಬಿಟ್ಟುಬಿಡಲಾ? ಮೂರು ತಿಂಗಳ ಸಂಬಳ ಒಡತಿಯ ಕೈಗೆ ಕೊಟ್ಟು ಕ್ಷಮೆ ಕೇಳಿದರೆ ಮನಸ್ಸು ಹಗುರ ಆಗುತ್ತಾ?

ಎರಡಕ್ಕೂ ಬರುತ್ತೇನೆ. ಅದಕ್ಕೆ ಮೊದಲು ನಿಮ್ಮ ಪತ್ರದ ಮೂರನೇ ಪುಟ. ಹುಲ್ಲಿನ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ, ಯಾವ ದಿನ ಎಷ್ಟು ಬೆರೆಸಿದೆ ಅಂತ ಕೂಡ. ಅದರ ನಡುವೆ ಒಂದು ಸಾಲು ಹೀಗೆ ಬಂದು ಹಾಗೆ ಹೋಗುತ್ತದೆ: "ರಾತ್ರಿ ಒಂಬತ್ತಕ್ಕೆ ನಾಡಿ 56 ಇತ್ತು, ಬಲಗಡೆ ಹೊಟ್ಟೆ ಸದ್ದೇ ಇರಲಿಲ್ಲ, ಯಜಮಾನರಿಗೆ ಫೋನ್ ಮಾಡಿದೆ, ಬೆಳಿಗ್ಗೆವರೆಗೆ ನೋಡೋಣ ಅಂದರು, ಆಮೇಲೆ ಸವಾರಿ ಕಲಿಸುವ ಸರ್ ಬಂದು ಒಂದು ಇಂಜೆಕ್ಷನ್ ಕೊಟ್ಟರು." ಅಷ್ಟೇ. ಮುಂದಿನ ಸಾಲಿಗೆ ಮತ್ತೆ ಹುಲ್ಲು.

ಇಡೀ ಪತ್ರ ಇರುವುದು ಆ ಒಂದು ಸಾಲಿನಲ್ಲಿ. ನೀವು ಅದನ್ನು ದಾಟಿ ಹೋಗಿಬಿಟ್ಟಿದ್ದೀರಿ. ನಾನು ಬಿಡುವುದಿಲ್ಲ.

ಈ ಅಂಕಣಕ್ಕೆ ಬರುವ ಮೊದಲು ನಾನು ಎಂಟು ವರ್ಷ ಲಾಯದಲ್ಲೇ ಇದ್ದವಳು. ಹಾಗಾಗಿ 56 ಅಂದರೆ ಏನು ಅಂತ ಗೊತ್ತು. ನೆಮ್ಮದಿಯಾಗಿ ನಿಂತಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ದವಡೆ ಎಲುಬಿನ ಕೆಳಗೆ ಬೆರಳಿಟ್ಟರೆ ಒಂದು ದಪ್ಪ ದಾರದ ಹಾಗೆ ರಕ್ತನಾಳ ಸಿಗುತ್ತದೆ, ಅಲ್ಲಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತೇವೆ. ನಿಮಗೆ 14 ಬಡಿತ ಸಿಕ್ಕಿರಬೇಕು. ಓಡಿ ಬಂದದ್ದಲ್ಲ, ಹೆದರಿದ್ದಲ್ಲ, ಸುಮ್ಮನೆ ನಿಂತ ಕುದುರೆಗೆ 56 ಅಂದರೆ ಹೆಚ್ಚಾಗಿ ಒಳಗೆ ನೋವಿದೆ ಅಂತ ಅರ್ಥ. 60 ದಾಟಿದರೆ ಯಾವ ಡಾಕ್ಟರಾದರೂ ಮುಖ ಗಂಟಿಕ್ಕುತ್ತಾರೆ.

ಇನ್ನು ಹೊಟ್ಟೆ ಸದ್ದು. ಇದನ್ನು ಕುದುರೆ ಸಾಕದವರಿಗೆ ವಿವರಿಸುವುದು ಕಷ್ಟ. ಆರೋಗ್ಯವಾಗಿರುವ ಕುದುರೆಯ ಪಕ್ಕೆಗೆ ಕಿವಿ ಒತ್ತಿದರೆ ಒಳಗೆ ಯಾವಾಗಲೂ ಏನೋ ನಡೆಯುತ್ತಿರುತ್ತದೆ. ಒಂದು ಕ್ಷಣ ನೀರು ಸುರಿದ ಹಾಗೆ, ಇನ್ನೊಂದು ಕ್ಷಣ ದೂರದಲ್ಲಿ ಗುಡುಗಿದ ಹಾಗೆ. ಚರ್ಮ ಬೆಚ್ಚಗಿರುತ್ತದೆ, ಕೂದಲು ಕೆನ್ನೆಗೆ ಚುಚ್ಚುತ್ತದೆ, ಕುದುರೆ ತಿರುಗಿ ಇವರೇನು ಮಾಡುತ್ತಿದ್ದಾರೆ ಅಂತ ನೋಡುತ್ತದೆ. ಒಂದು ರಾತ್ರಿ ನಾನು ಹಾಗೆ ಕಿವಿ ಇಟ್ಟು ಪೂರಾ ಎರಡು ನಿಮಿಷ ನಿಂತಿದ್ದೆ. ಏನೂ ಕೇಳಲಿಲ್ಲ. ಗೋಡೆಗೆ ಕಿವಿ ಇಟ್ಟ ಹಾಗೆ. ಆ ಮೌನ ಒಂದು ಸಲ ಕೇಳಿದವರು ಮರೆಯುವುದಿಲ್ಲ. ನೀವೂ ಅವತ್ತು ಕೇಳಿದ್ದೀರಿ, ಅದಕ್ಕೇ ಫೋನ್ ಎತ್ತಿದ್ದೀರಿ.

ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಸ್ನಾಯು ಅಷ್ಟು ಬಿಗಿ. ಕೆಳಗೆ ದಾರಿ ಕಟ್ಟಿಕೊಂಡರೆ ಹೊಟ್ಟೆ ಉಬ್ಬುತ್ತಲೇ ಹೋಗುತ್ತದೆ, ಕೊನೆಗೆ ಒಡೆದರೂ ಒಡೆಯಿತು. ಅದಕ್ಕೇ ಡಾಕ್ಟರ್ ಬಂದ ಕೂಡಲೇ ಮೂಗಿನಿಂದ ಕೊಳವೆ ಇಳಿಸಿ ನೋಡುವುದು. ಅಂದರೆ "ಬೆಳಿಗ್ಗೆವರೆಗೆ ನೋಡೋಣ" ಅನ್ನುವ ಮಾತು ಕುದುರೆಯ ಹೊಟ್ಟೆಗೆ ಹೊಂದುವುದೇ ಇಲ್ಲ.

ಈಗ ಹುಲ್ಲಿನ ಆರೋಪ. ದಿಢೀರ್ ಅಂತ ಹುಲ್ಲು ಬದಲಾಯಿಸಿದರೆ ಹೊಟ್ಟೆಶೂಲೆ ಬರಬಹುದು, ಅದು ನಿಜ. ಕುದುರೆಯ ದೊಡ್ಡ ಕರುಳಿನಲ್ಲಿ ಹುಲ್ಲು ಕರಗಿಸುವ ಸೂಕ್ಷ್ಮಜೀವಿಗಳಿಗೆ ಹೊಸ ಮೇವಿಗೆ ಒಗ್ಗಲು ದಿನಗಳು ಬೇಕು. ಅದಕ್ಕೇ ಸ್ವಲ್ಪ ಸ್ವಲ್ಪ ಬೆರೆಸುವುದು. ನೀವು ಹತ್ತು ದಿನ ತೆಗೆದುಕೊಂಡು ಬೆರೆಸಿದ್ದೀರಿ. ಉಳಿದ 21 ಕುದುರೆಗಳೂ ಅದೇ ಹುಲ್ಲು ತಿಂದಿವೆ. ಇದಕ್ಕಿಂತ ಮುಖ್ಯ, ಡಾಕ್ಟರ್ ಆಮೇಲೆ ಕೊಯ್ದು ನೋಡಿ ಹೇಳಿದ್ದನ್ನು ನೀವೇ ಬರೆದಿದ್ದೀರಿ: ಕೊಬ್ಬಿನ ಗಡ್ಡೆ, ಲೈಪೋಮಾ. ವಯಸ್ಸಾದ ಕುದುರೆಗಳಲ್ಲಿ ಇದು ಸಾಮಾನ್ಯ. ಕರುಳನ್ನು ಹಿಡಿದಿಟ್ಟಿರುವ ಪೊರೆಯ ಮೇಲೆ ಗಡ್ಡೆ ಬೆಳೆಯುತ್ತದೆ, ಕಾಯಿ ತೊಟ್ಟಿಗೆ ನೇತಾಡಿದ ಹಾಗೆ ನೇತಾಡುತ್ತಿರುತ್ತದೆ. ಎಷ್ಟೋ ಕುದುರೆಗಳು ಅದನ್ನು ಹೊತ್ತುಕೊಂಡೇ ಬದುಕುತ್ತವೆ. ಒಂದು ದಿನ ಆ ತೊಟ್ಟು ಸಣ್ಣ ಕರುಳಿಗೆ ಸುತ್ತಿಕೊಂಡರೆ ಮಾತ್ರ ಕಷ್ಟ, ಅಲ್ಲಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಅದು ಬೆಳೆಯಲು ವರ್ಷಗಳೇ ಬೇಕು. ಹುಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಔಷಧಿಯಿಂದ ಆ ಗಂಟು ಬಿಚ್ಚುವುದೂ ಇಲ್ಲ, ಹೊಟ್ಟೆ ತೆರೆದು ಆಪರೇಷನ್ನೇ ಆಗಬೇಕು, ಅದೂ ಬೇಗ, ಕರುಳು ಕಪ್ಪಾಗುವ ಮೊದಲು.

ಹಾಗಾಗಿ ಲೆಕ್ಕ ಇರುವುದು ಹುಲ್ಲಿನದ್ದಲ್ಲ, ಗಂಟೆಗಳದ್ದು. ರಾತ್ರಿ ಒಂಬತ್ತರಿಂದ, ಕೊನೆಗೆ ಡಾಕ್ಟರಿಗೆ ಫೋನ್ ಹೋದ ಎರಡರವರೆಗೆ, ಐದು ಗಂಟೆ ಯಾರು ತಿಂದರು?

ನೀವು ತುಂಬಾ ಗೌರವದಿಂದ ಬರೆದಿರುವ ಆ ಸವಾರಿ ಸರ್ ಬಗ್ಗೆ ನನಗೆ ನಿಜವಾಗಿ ಕೋಪ ಬಂದಿದೆ. "ಮೂವತ್ತು ವರ್ಷದ ಅನುಭವ, ಒಳ್ಳೆಯದಕ್ಕೇ ಮಾಡಿದರು" ಅನ್ನುತ್ತೀರಿ. ಇರಬಹುದು. ಆದರೆ ಡಾಕ್ಟರನ್ನು ಕೇಳದೆ ಲಾಯದ ಔಷಧಿ ಕಪಾಟು ತೆಗೆದು, ಹಿಂದೆ ಯಾವುದೋ ಕುದುರೆಗೆ ಬರೆದುಕೊಟ್ಟು ಉಳಿದಿದ್ದ ಫ್ಲುನಿಕ್ಸಿನ್ ಚುಚ್ಚಿ, "ಬರೀ ಗ್ಯಾಸು, ಒಂದು ಸುತ್ತು ನಡೆಸು, ಹೋಗುತ್ತೆ" ಅಂದು ಮನೆಗೆ ಹೋದರಲ್ಲ. ಅದು ನೋವು ತಗ್ಗಿಸುವ ಔಷಧಿ. ಒಳ್ಳೆಯ ಔಷಧಿಯೇ, ಡಾಕ್ಟರ್ ಕೈಯಲ್ಲಿ. ಅದು ಕರುಳಿನ ಗಂಟು ಬಿಚ್ಚುವುದಿಲ್ಲ, ಗಂಟು ಇದೆ ಅಂತ ಹೇಳುವ ನೋವನ್ನು ಮರೆಮಾಡುತ್ತದೆ. ಕಾಲಲ್ಲಿ ನೆಲ ಕೆರೆಯುತ್ತಿದ್ದ ಕುದುರೆ ಸುಮ್ಮನಾಯಿತು. ಪಕ್ಕೆ ತಿರುಗಿ ನೋಡುವುದು ಬಿಟ್ಟಿತು. ನೀವು ವಾಸಿಯಾಯಿತೇನೋ ಅಂದುಕೊಂಡಿರಿ. ಎರಡು ಗಂಟೆಗೆ ಎದ್ದು ಹೋದರೆ ಮೈಯೆಲ್ಲ ಬೆವತು ಹೊರಳಾಡುತ್ತಿತ್ತು, ನಾಡಿ 80. ಆಗ ಯಾರನ್ನೂ ಕೇಳದೆ ನೀವೇ ಡಾಕ್ಟರಿಗೆ ಫೋನ್ ಮಾಡಿದಿರಿ.

ಆ ಸರ್ ಅವತ್ತಿನಿಂದ ಲಾಯಕ್ಕೆ ಬಂದಾಗ ನಿಮ್ಮ ಮುಖ ನೋಡುತ್ತಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಯಾಕೆ ನೋಡುತ್ತಿಲ್ಲ ಅಂತ ಅವರಿಗೆ ಗೊತ್ತು. ಅದರ ಚಿಂತೆ ನಿಮಗೆ ಬೇಡ.

ಒಡತಿಯ ಬಗ್ಗೆ ನಾನು ಕಟುವಾಗಿ ಮಾತಾಡುವುದಿಲ್ಲ. ಹದಿನಾಲ್ಕು ವರ್ಷ ಜೊತೆಗಿದ್ದ ಕುದುರೆ. ರಾತ್ರಿ ಒಂಬತ್ತಕ್ಕೆ ಅವರಿಗೆ ಒಂದು ಫೋನೂ ಹೋಗಲಿಲ್ಲ, ಬೆಳಗಿನ ಜಾವ ಮೂರೂವರೆಗೆ ನಿದ್ದೆಯಿಂದ ಎಬ್ಬಿಸಿ "ಬೇಗ ಬನ್ನಿ" ಅಂದರೆ ಮನುಷ್ಯರು ಏನೇನೋ ಮಾತಾಡುತ್ತಾರೆ. ಅವರು ಹೇಳಿದ್ದು ಸುಳ್ಳು, ಆದರೆ ಆ ಸುಳ್ಳನ್ನು ತಿದ್ದಬೇಕಾಗಿದ್ದವರು ಪಕ್ಕದಲ್ಲೇ ನಿಂತಿದ್ದರು, ಫೋನಿನಲ್ಲಿ "ನೋಡೋಣ" ಅಂದವರು. ಅವರಿಗೆ ನನ್ನಲ್ಲಿ ಕನಿಕರ ಇಲ್ಲ.

ನಿಮ್ಮ ತಪ್ಪೂ ಒಂದಿದೆ, ಹೇಳದೆ ಬಿಟ್ಟರೆ ನಿಮಗೇ ಮೋಸ ಮಾಡಿದ ಹಾಗೆ. ಒಂಬತ್ತಕ್ಕೆ ಎಣಿಸಿದ ಕೈ ಸರಿಯಾಗಿತ್ತು, ಕೇಳಿದ ಕಿವಿ ಸರಿಯಾಗಿತ್ತು, ಆಮೇಲೆ ಲಾಯದಲ್ಲಿ ಇಲ್ಲದ, ಕುದುರೆಯನ್ನು ನೋಡದ ಒಬ್ಬರು ಬೇಡ ಅಂದರು ಅಂತ ನೀವು ನಿಮ್ಮ ಕೈಯನ್ನೂ ಕಿವಿಯನ್ನೂ ನಂಬುವುದು ಬಿಟ್ಟಿರಿ. ಬೇಗ ಹೋಗಿದ್ದರೆ ಕುದುರೆ ಉಳಿಯುತ್ತಿತ್ತು ಅಂತ ನಾನು ಹೇಳುವುದಿಲ್ಲ. 19ನೇ ವಯಸ್ಸಿನಲ್ಲಿ ಆ ಆಪರೇಷನ್ ಸುಲಭದ್ದಲ್ಲ, ಎಷ್ಟೋ ಮಾಲೀಕರು ಬೇಡ ಅನ್ನುತ್ತಾರೆ. ಆದರೆ ಬೇಕಾ ಬೇಡವಾ ಅಂತ ಹೇಳುವ ಹಕ್ಕು ಒಡತಿಗಿತ್ತು, ಅದು ಅವರಿಗೆ ಸಿಗಲಿಲ್ಲ. ಕ್ಷಮೆ ಕೇಳುವುದಾದರೆ ಅದೊಂದಕ್ಕೆ ಕೇಳಿ. ಒಂಬತ್ತಕ್ಕೆ ನಿಮಗೆ ನೇರವಾಗಿ ಫೋನ್ ಮಾಡಬೇಕಿತ್ತು, ಮಾಡಲಿಲ್ಲ, ಅಂತ. ಹುಲ್ಲಿನ ಮಾತು ಎತ್ತಬೇಡಿ. ಡಾಕ್ಟರ್ ಕೊಟ್ಟ ವರದಿಯ ಒಂದು ಪ್ರತಿ ಅವರ ಕೈಗೆ ಕೊಡಿ, ಸಾಕು.

ದುಡ್ಡು? ಒಂದು ಪೈಸೆಯೂ ಬೇಡ. ಮೂರು ತಿಂಗಳ ಸಂಬಳ ಕೊಟ್ಟರೆ ನೀವೇ ಕೊಂದಿರಿ ಅಂತ ನೀವೇ ರಸೀದಿ ಬರೆದುಕೊಟ್ಟ ಹಾಗೆ ಆಗುತ್ತದೆ.

ಇನ್ನು ಕೆಲಸದ ಪ್ರಶ್ನೆ. ಈ ಅಂಕಣ ಓದುವವರಿಗೆ ನನ್ನ ಒಂದು ಹಟ ಗೊತ್ತು. ಹೊಣೆ ಯಾರ ತಲೆ ಮೇಲಿದೆಯೋ ತೀರ್ಮಾನವೂ ಅವರ ಕೈಯಲ್ಲೇ ಇರಬೇಕು. ವಯಸ್ಸಾದ ತಾಯಿಯನ್ನು ನೋಡಿಕೊಳ್ಳುತ್ತಾ, ಮಾತ್ರೆ ಬದಲಾಯಿಸಲೂ ದೂರದಲ್ಲಿರುವ ಅಣ್ಣನ ಅಪ್ಪಣೆ ಕಾಯುತ್ತಿದ್ದ ಒಬ್ಬ ಮಗಳಿಗೂ ಇದನ್ನೇ ಬರೆದಿದ್ದೆ. ನಿಮ್ಮ ಲಾಯದಲ್ಲಿ 21 ಕುದುರೆಗಳ ಬೀಗದ ಕೈ ನಿಮ್ಮ ಸೊಂಟದಲ್ಲಿದೆ, ಡಾಕ್ಟರನ್ನು ಕರೆಯುವ ಮಾತು ಮಾತ್ರ ಇನ್ನೊಬ್ಬರ ಜೇಬಿನಲ್ಲಿದೆ. ಏನಾದರೂ ಕೆಟ್ಟರೆ ಬೈಗುಳ ನಿಮಗೆ. ಆರು ವರ್ಷ ಹೀಗೇ ನಡೆದಿದೆ, ಯಾವ ಕುದುರೆಯೂ ಸಾಯದೆ ಇದ್ದದ್ದರಿಂದ ಯಾರಿಗೂ ಕಾಣಿಸಲಿಲ್ಲ.

ಅದಕ್ಕೇ ರಾಜೀನಾಮೆ ಈಗ ಬೇಡ. ಈಗ ಬಿಟ್ಟರೆ ಹುಲ್ಲಿನ ಕಥೆಯೇ ನಿಜ ಅಂತ ಉಳಿಯುತ್ತದೆ. ಮುಂದಿನ ಲಾಯಕ್ಕೂ ನಿಮಗಿಂತ ಮೊದಲು ಅದೇ ಹೋಗಿ ಕೂತಿರುತ್ತದೆ.

ಮಾಡಬೇಕಾದ್ದು ಒಂದೇ. ಈ ತಿಂಗಳು ಮುಗಿಯುವ ಮೊದಲು ಪ್ರತಿ ಕುದುರೆಗೂ ಒಂದು ಹಾಳೆ ಮಾಡಿ, ಅದರ ಮಾಲೀಕರಿಂದ ಸಹಿ ಹಾಕಿಸಿ. ತುರ್ತಿನಲ್ಲಿ ಮ್ಯಾನೇಜರ್ ಯಾರ ಅಪ್ಪಣೆಯನ್ನೂ ಕಾಯದೆ ಡಾಕ್ಟರನ್ನು ಕರೆಯಬಹುದು, ಅದರ ಖರ್ಚು ನನ್ನದು, ಅಂತ ಅದರಲ್ಲಿ ಸ್ಪಷ್ಟವಾಗಿ ಇರಲಿ. ಯಾವ ಡಾಕ್ಟರ್, ಅವರು ಸಿಗದಿದ್ದರೆ ಯಾರು, ಮಾಲೀಕರು ಫೋನ್ ಎತ್ತದಿದ್ದರೆ ಅವರ ಪರವಾಗಿ ತೀರ್ಮಾನ ಹೇಳುವವರು ಯಾರು, ಆಪರೇಷನ್‌ಗೆ ಒಪ್ಪಿಗೆ ಇದೆಯಾ, ಎಷ್ಟು ಖರ್ಚಿನವರೆಗೆ, ಕುದುರೆಗೆ ವಿಮೆ ಇದ್ದರೆ ಆ ಕಂಪನಿಯ ನಂಬರು ಕೂಡ, ಯಾಕೆಂದರೆ ದಯಾಮರಣದ ತೀರ್ಮಾನಕ್ಕೆ ಮೊದಲು ತಿಳಿಸಲೇಬೇಕು ಅಂತ ಎಷ್ಟೋ ವಿಮೆಗಳಲ್ಲಿ ಷರತ್ತಿರುತ್ತದೆ. ಮಾಲೀಕರು ಕಷ್ಟಪಟ್ಟು ಒಪ್ಪಬೇಕಾಗಿಲ್ಲ, ಸಂತೋಷದಿಂದ ಹಾಕುತ್ತಾರೆ. ಅವರಿಗೂ ಈ ಒಂದು ತಿಂಗಳಿಂದ ಸರಿಯಾಗಿ ನಿದ್ದೆ ಬಂದಿರುವುದಿಲ್ಲ.

21 ಹಾಳೆಗಳ ಮೇಲೆ ಇನ್ನೊಂದು ಹಾಳೆ ಯಜಮಾನರಿಗೆ. ಅದರಲ್ಲಿ ಎರಡೇ ಸಾಲು. ಡಾಕ್ಟರನ್ನು ಕರೆಯಲು ಮ್ಯಾನೇಜರ್ ನನ್ನನ್ನು ಕೇಳಬೇಕಾಗಿಲ್ಲ. ಔಷಧಿ ಕಪಾಟಿನ ಬೀಗದ ಕೈ ಮ್ಯಾನೇಜರ್ ಹತ್ತಿರ ಮಾತ್ರ ಇರುತ್ತದೆ. ಕೆಳಗೆ ಸಹಿ, ದಿನಾಂಕ. ಒಂದು ಪ್ರತಿ ಕಪಾಟಿನ ಬಾಗಿಲ ಒಳಗಡೆ ಅಂಟಿಸಿ, ಇನ್ನೊಂದು ನಿಮ್ಮ ಮನೆಯಲ್ಲಿರಲಿ. ಕೂತು ದೊಡ್ಡ ಮಾತುಕತೆ ಮಾಡಬೇಡಿ, ಅಳಬೇಡಿ, ಹಳೆಯದು ಕೆದಕಬೇಡಿ. ಮಾಲೀಕರೆಲ್ಲ ಸಹಿ ಹಾಕಿದ 21 ಹಾಳೆಗಳನ್ನು ಅವರ ಮುಂದಿಟ್ಟು, ಪೆನ್ನು ಕೊಡಿ.

ಅವರು ಸಹಿ ಹಾಕಿದರೆ ಆ ಲಾಯದಲ್ಲಿ ಇರಿ, ನಿಮ್ಮಂಥವರು ಆ ಕುದುರೆಗಳಿಗೆ ಬೇಕು. "ನೋಡೋಣ" ಅಂದರೆ ಅವತ್ತೇ ನನಗೆ ಬರೆಯಿರಿ. ರಾಜೀನಾಮೆ ಪತ್ರ ಇಬ್ಬರೂ ಕೂತು ಬರೆಯೋಣ.