ಹೈಕೋರ್ಟು ಕೇಸ್ ವಾಪಸ್ ಕಳ್ಸಿದ್ರೆ ಸೋತ ಹಾಗಾ?

ಪ್ರಶ್ನೆ: ಅಡಿಕೆ ತೋಟದಲ್ಲಿ ಪಾಲು ಕೇಳಿದ್ದೆ, ಅಪ್ಪ 2005ಕ್ಕೆ ಮುಂಚೆನೇ ತೀರ್ಕೊಂಡಿದ್ರು ಅಂತ ಕೆಳಗಿನ ಕೋರ್ಟಲ್ಲಿ ವಜಾ ಆಯ್ತು. ಈಗ ಹೈಕೋರ್ಟು ಅದನ್ನ ರದ್ದು ಮಾಡಿ, ಮತ್ತೆ ವಿಚಾರಣೆ ಮಾಡಿ ಅಂದಿದೆ. ಗೆದ್ನಾ, ಸೋತ್ನಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಸೋತಿಲ್ಲ ಅಕ್ಕಾ, ಪೂರ್ತಿ ಗೆದ್ದೂ ಇಲ್ಲ. ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟು 2020ರಲ್ಲೇ ಹೇಳಿದೆ, ಮಗಳ ಹಕ್ಕು ಹುಟ್ಟಿನಿಂದ್ಲೇ ಬರೋದು, ಪಿತ್ರಾರ್ಜಿತ ಆಸ್ತೀಲಿ ಹೆಣ್ಮಕ್ಕಳಿಗೂ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ಕ್ಕೆ ಅಪ್ಪ ಬದುಕಿರ್ಲೇಬೇಕು ಅಂತಿಲ್ಲ ಅಂತ, ಸಂವಿಧಾನದ 141ನೇ ವಿಧಿ ಪ್ರಕಾರ ಅದನ್ನ ಎಲ್ಲಾ ಕೋರ್ಟೂ ಪಾಲಿಸ್ಲೇಬೇಕು, ಹಾಗಾಗಿ ಹಳೇ ಕಾರಣ ಕೊಟ್ಟು ಮತ್ತೆ ವಜಾ ಮಾಡೋಕಾಗಲ್ಲ. ಆದ್ರೆ ತೋಟ ಪಿತ್ರಾರ್ಜಿತನಾ, ಅಪ್ಪನ ಸ್ವಂತದ್ದಾ, ಆ ತಿದ್ದುಪಡಿಯಲ್ಲಿ ಗಡುವು ಅಂತ ಹೇಳಿರೋ 2004ರ ಡಿಸೆಂಬರ್ 20ಕ್ಕೆ ಮುಂಚೆನೇ ರಿಜಿಸ್ಟರ್ ಪಾಲುಪಟ್ಟಿ ಆಗಿತ್ತಾ, ಇದನ್ನ ಸಾಕ್ಷಿ ನೋಡಿ ಕೆಳಗಿನ ಕೋರ್ಟೇ ತೀರ್ಮಾನಿಸ್ಬೇಕು. ಆದೇಶದಲ್ಲಿರೋ ಹಾಜರಾತಿ ತಾರೀಕು ದಯವಿಟ್ಟು ತಪ್ಪಿಸ್ಬೇಡಿ, ಹಳೇ ಪಹಣಿಗಳನ್ನ ಈಗ್ಲೇ ತೆಗೆಸಿಟ್ಕೊಳ್ಳಿ.