ಒಂದು ಪೆಟ್ಟಿಗೆ ಕಾರ್ಡುಗಳ ಬೆಲೆ

ಮಾನ್ಯರೇ,

ಕಳೆದ ಸಂಚಿಕೆಯ ಲೇಖನದಲ್ಲಿ ಸಂಗೀತ ತಂತ್ರಾಂಶವನ್ನು ‘ಕೀಬೋರ್ಡ್ ಕಂಪನಿಗಳ ಕೊಡುಗೆ’ ಎಂದು ನಾವು ಕರೆದದ್ದನ್ನು ನೀವು ಆಕ್ಷೇಪಿಸಿದ್ದೀರಿ. ಪುಕ್ಕಟೆ ಹಂಚಿದ ತಂತ್ರಾಂಶದಿಂದ ಯಾರಿಗಾದರೂ ಹಣ ಬಂದದ್ದುಂಟೇ, ಕರ್ನಾಟಕ ಸಂಗೀತದ ಅಭ್ಯಾಸಕ್ಕೆಂದು ನಿಮ್ಮ ಮಗ ಬರೆಯುತ್ತಿರುವ ತಂತ್ರಾಂಶಕ್ಕೆ ಬೆಲೆ ಇಡಬೇಕೇ ಎಂದೂ ಕೇಳಿದ್ದೀರಿ. ಆಕ್ಷೇಪ ಸರಿಯಾಗಿದೆ, ತಪ್ಪು ನಮ್ಮದು.

ಸಂಗೀತ ತಂತ್ರಾಂಶದ ಮೂಲವಿರುವುದು ಟೆಲಿಫೋನ್ ಕಂಪನಿಯೊಂದರಲ್ಲಿ. ಮಾತಿನ ಧ್ವನಿಯನ್ನು ಅಂಕಿಗಳಾಗಿಸುವ ಸಂಶೋಧನೆಯಲ್ಲಿದ್ದ ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್ 1957ರಲ್ಲಿ ‘ಮ್ಯೂಸಿಕ್’ ಎಂಬ ಪ್ರೋಗ್ರಾಮ್ ಬರೆದರು. ಅದರಿಂದ ಹೊರಟ ಮೊದಲ ಕೃತಿಯ ಅವಧಿ ಬರೀ 17 ಸೆಕೆಂಡು. ಅಷ್ಟಕ್ಕಾಗಿ ನ್ಯೂಯಾರ್ಕಿನ ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ, ಅಂಕಿ ತುಂಬಿದ ಟೇಪನ್ನು ನ್ಯೂಜೆರ್ಸಿಗೆ ಹೊತ್ತು ತಂದು ಧ್ವನಿಯಾಗಿಸಬೇಕಿತ್ತು. ಇಂಥದ್ದನ್ನು ಅಂಗಡಿಯಲ್ಲಿಟ್ಟು ಮಾರುವ ಮಾತೆಲ್ಲಿ ಬಂತು?

ಪುಕ್ಕಟೆ ತಂತ್ರಾಂಶದಿಂದ ಹಣ ಬಂದದ್ದುಂಟೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ 1964ರಲ್ಲಿದೆ. ಆ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜಾನ್ ಚೌನಿಂಗ್ ಬೆಲ್ ಪ್ರಯೋಗಾಲಯಕ್ಕೆ ಬಂದು, ಮ್ಯಾಥ್ಯೂಸರ ಪ್ರೋಗ್ರಾಮ್ ಇದ್ದ ಒಂದು ಪೆಟ್ಟಿಗೆ ಪಂಚ್ ಕಾರ್ಡುಗಳನ್ನು (ಪ್ರೋಗ್ರಾಮನ್ನು ತೂತುಗಳ ರೂಪದಲ್ಲಿ ಬರೆದಿಡುತ್ತಿದ್ದ ರಟ್ಟುಗಳನ್ನು) ಪಡೆದುಕೊಂಡು ಹೋದರು. ಅವರು ಎಂಜಿನಿಯರ್ ಅಲ್ಲ, ಸಂಗೀತ ರಚನಕಾರ. ಸ್ವರವೊಂದನ್ನು ಸೆಕೆಂಡಿಗೆ ಐದಾರು ಬಾರಿ ಮೇಲಕ್ಕೂ ಕೆಳಕ್ಕೂ ಅಲುಗಿಸಿದರೆ ನಮ್ಮವರು ಕಂಪಿತವೆನ್ನುವ ಗಮಕಕ್ಕೆ ಹತ್ತಿರದ ನಡುಕ ಕೇಳಿಸುತ್ತದೆ. 1967ರಲ್ಲಿ ಚೌನಿಂಗ್ ಆ ನಡುಕದ ವೇಗವನ್ನು ಏರಿಸುತ್ತ ಹೋದರು. ವೇಗ ನೂರರ ಲೆಕ್ಕಕ್ಕೆ ಮುಟ್ಟಿದಾಗ ಕಿವಿಗೆ ನಡುಕ ತಿಳಿಯದಾಗಿ, ನಾದದ ಬಣ್ಣವೇ ಬದಲಾಯಿತು. ಅಂಕಿಯೊಂದನ್ನು ಅತ್ತಿತ್ತ ಮಾಡಿದರೆ ಗಂಟೆಯ ನಾದ, ಇನ್ನೊಂದನ್ನು ಬದಲಿಸಿದರೆ ತುತ್ತೂರಿಯ ನಾದ. ಹತ್ತಾರು ಆಂದೋಲಕಗಳನ್ನು, ಅಂದರೆ ಒಂದೊಂದು ಸರಳ ಕಂಪನವನ್ನು ಹುಟ್ಟಿಸುವ ಘಟಕಗಳನ್ನು, ಕೂಡಿಸಿ ಹೊರಡಿಸಬೇಕಿದ್ದ ಧ್ವನಿ ಎರಡರಿಂದಲೇ ಹೊರಟಿತೆಂದರೆ ಲೆಕ್ಕದ ಖರ್ಚು ಅಷ್ಟರಮಟ್ಟಿಗೆ ಇಳಿಯಿತು. ಮುಂದೆ ಅದು ಅಗ್ಗದ ಚಿಪ್ಪಿನಲ್ಲಿ ಹಿಡಿಸಿದ್ದು ಈ ಕಾರಣಕ್ಕೇ.

ಅಮೆರಿಕದ ಆರ್ಗನ್ ತಯಾರಕರು ಇದನ್ನು ಒಲ್ಲೆವೆಂದರು. ಜಪಾನಿನ ಯಮಾಹಾ ಪರವಾನಗಿ ಪಡೆಯಿತು. ಚೌನಿಂಗ್ ಅವರಿಗೆ ಕಾಯಂ ಹುದ್ದೆ ಕೊಡದೆ ಕಳಿಸಿದ್ದ ವಿಶ್ವವಿದ್ಯಾಲಯವೇ ಅವರನ್ನು ಮತ್ತೆ ಕರೆಸಿಕೊಂಡಿತು. (1975ರಲ್ಲಿ ಅಲ್ಲಿ ಶುರುವಾದ ಅವರ ಸಂಶೋಧನಾ ಕೇಂದ್ರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಅಲ್ಲಿಯವರು ‘ಕರ್ಮ’ ಎಂದೇ ಉಚ್ಚರಿಸುತ್ತಾರೆ.) 1977ರಲ್ಲಿ ಪೇಟೆಂಟ್ ಸಿಕ್ಕಿತು, 1983ರಲ್ಲಿ ಈ ಉಪಾಯವನ್ನು ಬಳಸಿದ ಯಮಾಹಾದ ಡಿಎಕ್ಸ್7 ಎಂಬ ಎಲೆಕ್ಟ್ರಾನಿಕ್ ಕೀಬೋರ್ಡ್ ಪೇಟೆಗೆ ಬಂತು, ಲಕ್ಷಕ್ಕೂ ಹೆಚ್ಚು ವಾದ್ಯಗಳು ಮಾರಾಟವಾದವು, ಸ್ಟ್ಯಾನ್‌ಫರ್ಡ್‌ಗೆ 2 ಕೋಟಿ ಡಾಲರಿಗೂ ಹೆಚ್ಚು ಆದಾಯ ಬಂತು. ಆ ಹಣ ಮ್ಯಾಥ್ಯೂಸರ ಪ್ರೋಗ್ರಾಮಿಗೆ ಬಂದದ್ದಲ್ಲ. ಅದನ್ನು ಬಳಸುವಾಗ ಕಂಡ ಒಂದು ಉಪಾಯಕ್ಕೆ ಬಂದದ್ದು.

ಪ್ರೋಗ್ರಾಮನ್ನೇ ಮಾರಿದವರೂ ಇದ್ದಾರೆ. ಪ್ಯಾರಿಸ್ಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಮಿಲ್ಲರ್ ಪಕೆಟ್ ಬರೆದ, ಮ್ಯಾಥ್ಯೂಸರ ಹೆಸರನ್ನೇ ಹೊತ್ತ ‘ಮ್ಯಾಕ್ಸ್’ 1990ರಿಂದ ಮಾರಾಟಕ್ಕಿದೆ. ಅದನ್ನು ಬೆಳೆಸಿದ ಸೈಕ್ಲಿಂಗ್ ’74 ಕಂಪನಿಯನ್ನು 2017ರಲ್ಲಿ ಸಂಗೀತ ತಂತ್ರಾಂಶದ ಇನ್ನೊಂದು ಕಂಪನಿ ಏಬಲ್‌ಟನ್ ಕೊಂಡುಕೊಂಡಿತು. ಅದೇ ಪಕೆಟ್ ‘ಪ್ಯೂರ್ ಡೇಟಾ’ ಎಂಬ ಇನ್ನೊಂದನ್ನು ಬರೆದು ಮುಕ್ತವಾಗಿ ಹಂಚಿದರು. ಜೇಮ್ಸ್ ಮೆಕಾರ್ಟ್ನಿ ಮೊದಮೊದಲು ಬೆಲೆಗೆ ಮಾರುತ್ತಿದ್ದ ‘ಸೂಪರ್‌ಕೊಲೈಡರ್’ 2002ರಲ್ಲಿ ಮುಕ್ತವಾಯಿತು.

ಇನ್ನು ನಿಮ್ಮ ಮಗನ ವಿಷಯ. ಚೌನಿಂಗ್ ಅವರ ಹಾಗೆ ಪೇಟೆಂಟಿನ ಆಸೆ ಇಟ್ಟುಕೊಳ್ಳುವ ಮೊದಲು ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮನ್ನು ಓದಿಕೊಳ್ಳಲಿ. ಕಂಪ್ಯೂಟರ್ ಪ್ರೋಗ್ರಾಮಿಗೆ, ಅದು ಬರೀ ಪ್ರೋಗ್ರಾಮ್ ಆಗಿರುವಷ್ಟಕ್ಕೆ, ಇಲ್ಲಿ ಪೇಟೆಂಟ್ ಇಲ್ಲ. ಬರೆದ ಕೋಡಿಗೆ ಕೃತಿಸ್ವಾಮ್ಯವುಂಟು, ಅದು ತಾನಾಗಿಯೇ ಬರುತ್ತದೆ. ಹಾಗಾಗಿ ಮೂಲ ಪ್ರೋಗ್ರಾಮನ್ನು ಹಂಚಿ, ಅದರ ಮೇಲೆ ಕಟ್ಟಿದ ಪಾಠಕ್ಕೋ ವಾದ್ಯಕ್ಕೋ ಬೆಲೆ ಇಡುವುದು ಒಳ್ಳೆಯದೆಂದು ನನಗನ್ನಿಸುತ್ತದೆ. ಕೈ ಹಾಕುವ ಮೊದಲು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಬ್ಯಾರಿ ವರ್ಕೋ 1980ರ ದಶಕದಲ್ಲಿ ಬರೆದ ‘ಸಿಸೌಂಡ್’ ಎಂಬ ಸಂಗೀತ ಪ್ರೋಗ್ರಾಮನ್ನೂ ಒಮ್ಮೆ ನೋಡಲಿ. ಅದು ಇಂದಿಗೂ ಪುಕ್ಕಟೆ ಸಿಗುತ್ತದೆ. ಹಾರ್ಮೋನಿಯಮ್ಮಿನ ಹನ್ನೆರಡು ಮನೆಗಳ ಕಟ್ಟು ಅದಕ್ಕಿಲ್ಲ. ತೋಡಿಯ ಗಾಂಧಾರ ಎಲ್ಲಿಂದ ಹೊರಟು ಎಷ್ಟು ಹೊತ್ತಿನಲ್ಲಿ ಎಲ್ಲಿಗೆ ಜಾರಬೇಕೆಂಬುದನ್ನು ಅಂಕಿಗಳಲ್ಲೇ ಬರೆದು ಕೇಳಬಹುದು.

– ಸಂಪಾದಕ